ಎಕ್ಸ್‌ಚೇಂಜಿಗೆ ಹೋದ ಪ್ರೇಮಳ ಕಂಪ್ಯೂಟರ್

ಕಂಪ್ಯೂಟರ್ ರಿಪೇರಿಯ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಮಾತು ಹಿತವಾದದ್ದಲ್ಲ. ನೀವು ಬದುಕಿಸಿ ಕೊಟ್ಟ ಯಂತ್ರ ಓಡುವಷ್ಟು ದಿನ ಯಾರಿಗೂ ನಿಮ್ಮ ನೆನಪಾಗುವುದಿಲ್ಲ. ಅದು ನಿಂತ ದಿನ ನಿಮಗೆ ಊಟ ಮಾಡಲೂ ಬಿಡುವುದಿಲ್ಲ. ಹಂಪನಕಟ್ಟೆಯ ಒಂದೇ ಅಂಗಡಿಯಲ್ಲಿ ಕೆಲಸ ಶುರು ಮಾಡಿ ಅದೇ ಅಂಗಡಿಯಲ್ಲಿ ಮುಗಿಸಿದವಳು ನಾನು. ನಿವೃತ್ತಿಯಾದ ಮೇಲೆ ಸಿಕ್ಕವರೆಲ್ಲ, "ಸರೋಜಕ್ಕ, ನಿಮ್ಮ ಒಳ್ಳೊಳ್ಳೆ ಅನುಭವ ಬರೀರಿ," ಎಂದರು. ಒಳ್ಳೆಯದನ್ನು ಬರೆಯಲು ಬೇಕಾದಷ್ಟು ಜನರಿದ್ದಾರೆ. ಗಂಟಲಲ್ಲಿ ಸಿಕ್ಕಿಕೊಂಡದ್ದನ್ನು ನಾನು ಬರೆಯುತ್ತೇನೆ. ಶಕ್ತಿನಗರದ ಪ್ರೇಮ ಎಂಬವಳ ಮನೆಯ ಅನ್ನ ಒಂದು ಹಳೆಯ ಕಂಪ್ಯೂಟರಿನ ಮೇಲೆ ನಿಂತಿತ್ತು. ಆ ಅನ್ನವನ್ನು ನಾವೆಲ್ಲ ಸೇರಿ, ಒಳ್ಳೆಯ ಮನಸ್ಸಿನಿಂದಲೇ, ಕಳೆದೆವು. ಅದಕ್ಕೆ ಬರುವ ಮೊದಲು ನಮ್ಮ ಕೆಲಸ ಎಂಥದ್ದಾಗಿತ್ತು ಎಂದು ಹೇಳದಿದ್ದರೆ ನಿಮಗೆ ಅರ್ಥವಾಗಲಿಕ್ಕಿಲ್ಲ.

ಅಂಗಡಿ ಹಮೀದಾಕನದು, ಹಮೀದಣ್ಣ ಎಂದ ಹಾಗೆ. ಅವರ ಮನೆಯವರು ತಲೆತಲಾಂತರದಿಂದ ಬಂದರಿನಲ್ಲಿ ಬಟ್ಟೆಯ ವ್ಯಾಪಾರ ಮಾಡಿದವರು. ಗಲ್ಫಿನಲ್ಲಿ ಕೆಲವು ವರ್ಷ ದುಡಿದು ಬಂದ ಹಮೀದಾಕ ಬಟ್ಟೆ ಬಿಟ್ಟು ಕಂಪ್ಯೂಟರ್ ಹಿಡಿದರು. ಯಂತ್ರದ ಒಳಗೆ ಏನಿದೆ ಎಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ, ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ. ಆದರೆ ಒಂದು ವಸ್ತು ಇನ್ನೂ ಯಾರಿಗೆ ಬೇಕಾದೀತು ಎಂಬುದು ಅವರಿಗೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಆಫೀಸಿನವರು ಬೇಡವೆಂದು ಕೊಟ್ಟ ಕಂಪ್ಯೂಟರನ್ನು ನಾವು ಹೋಟೆಲಿನ ಬಿಲ್ ಮಾಡಲು ಕೂರಿಸುತ್ತಿದ್ದೆವು. ಹೋಟೆಲಿನವರಿಗೂ ಸಾಕಾದ ಮೇಲೆ ಅದೇ ಯಂತ್ರ ಯಾರದೋ ಮನೆಯ ಕ್ಯಾಮರಾಗಳ ರೆಕಾರ್ಡಿಂಗ್ ಹಿಡಿಯುವ ಪೆಟ್ಟಿಗೆಯಾಗುತ್ತಿತ್ತು. ಸತ್ತ ಎರಡನ್ನು ಸೇರಿಸಿ ಜೀವ ಇರುವ ಒಂದನ್ನು ಮಾಡುವುದರಲ್ಲಿ ನನ್ನ ಅರ್ಧ ಆಯುಸ್ಸು ಹೋಗಿದೆ.

ಹೆಂಗಸು ಎಂಬ ಕಾರಣಕ್ಕೆ ಬಾಗಿಲಲ್ಲೇ ಮುಖ ನೋಡಿ, "ಇಂಜಿನಿಯರ್ ಬರ್ಲಿಲ್ವಾ?" ಎಂದು ಕೇಳಿದವರ ಲೆಕ್ಕ ಇಟ್ಟಿಲ್ಲ. "ಬಂದಿದ್ದಾರೆ, ಸ್ವಲ್ಪ ಸರಿಯಿರಿ," ಎಂದು ಹೇಳಿ ಒಳಗೆ ಹೋಗುತ್ತಿದ್ದೆ.

ನಮ್ಮ ಊರಿನ ಗಿರಾಕಿಗಳ ತಪ್ಪುಗಳು ನಮ್ಮ ಊರಿನವೇ. ಗುಡುಗು ಶುರುವಾದರೆ ಇಲ್ಲಿನ ಮನೆಗಳಲ್ಲಿ ಮೊದಲು ಟಿ.ವಿ., ಫ್ರಿಜ್, ಕಂಪ್ಯೂಟರ್ ಎಲ್ಲದರ ಪ್ಲಗ್ ತೆಗೆಯುತ್ತಾರೆ. ಟೆಲಿಫೋನಿನ ವಯರು ಮಾತ್ರ ಮೋಡೆಮ್ಮಿನಲ್ಲಿ ಹಾಗೆಯೇ ಇರುತ್ತಿತ್ತು. ಸಿಡಿಲು ಅದರಲ್ಲೇ ಒಳಗೆ ಬಂದು ಎಲ್ಲವನ್ನೂ ಸುಟ್ಟು ಹೋಗುತ್ತಿತ್ತು. "ಪ್ಲಗ್ ತೆಗ್ದಿದ್ದೆವಲ್ಲ ಸರೋಜಕ್ಕ!" ಎಂದು ಮನೆಯವರೆಲ್ಲ ನನ್ನನ್ನೇ ತಪ್ಪಿತಸ್ಥೆಯ ಹಾಗೆ ನೋಡುತ್ತಿದ್ದರು. ಪ್ರತಿ ಮಳೆಗಾಲದ ಮೊದಲು ಹೇಳಿದೆ, ಚೀಟಿ ಬರೆದು ಅಂಟಿಸಿದೆ, ಬೈದೂ ನೋಡಿದೆ. ಈಗ ಟೆಲಿಫೋನ್ ವಯರು ಹೋಗಿ ತಾರಸಿಯ ಕ್ಯಾಮರಾದ ವಯರು ಬಂದಿದೆ. ಸುಡುವುದು ನಿಂತಿಲ್ಲ.

ಆಯುಧಪೂಜೆಯ ಮರುದಿನವಂತೂ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಒಬ್ಬ ಪುಣ್ಯಾತ್ಮ ದೇವರಿಗೆ ಸರಿಯಾಗಿ ಕಾಣಲಿ ಎಂದು ಕ್ಯಾಬಿನೆಟ್ಟಿನ ಮುಚ್ಚಳ ಬಿಚ್ಚಿ, ಒಳಗಿನ ಬೋರ್ಡಿಗೇ ಕುಂಕುಮ ಹಚ್ಚಿ, ತೀರ್ಥ ಚಿಮುಕಿಸಿ ತಂದಿದ್ದ. ಹಮೀದಾಕ ಅದನ್ನು ನೋಡಿ ನಕ್ಕರು. ಆಮೇಲೆ ಗಂಭೀರವಾಗಿ, "ಭಕ್ತಿಗೆ ಚಾರ್ಜ್ ಮಾಡ್ಬೇಡಿ ಸರೋಜಕ್ಕ, ಕ್ಲೀನ್ ಮಾಡಿ ಕೊಡಿ," ಎಂದರು. ಅಂಥ ಧಣಿಯ ಕೈಕೆಳಗೆ ದುಡಿದವಳಿಗೆ ಆಮೇಲೆ ಬಂದದ್ದು ರುಚಿಸುವುದಾದರೂ ಹೇಗೆ?

ಹಮೀದಾಕನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಬೇಡವೆಂದು ಯಾರೇ ಕಂಪ್ಯೂಟರ್ ತಂದುಕೊಟ್ಟರೂ ಅದಕ್ಕೆ ಅವರ ಹೆಸರು ಬರೆದು ಹಿಂದಿನ ಕೋಣೆಯ ಹಲಗೆಯ ಮೇಲೆ ಇಡಬೇಕು. ಒಂದು ಮಳೆಗಾಲ ಕಳೆಯುವವರೆಗೆ ಅದನ್ನು ಬಿಚ್ಚುವಂತಿಲ್ಲ, ಗುಜರಿಗೆ ಹಾಕುವಂತಿಲ್ಲ. ಏಕೆಂದರೆ ಜನ ವಾಪಸು ಬರುತ್ತಾರೆ. ಮಗುವಿನ ತೊಟ್ಟಿಲು ಶಾಸ್ತ್ರದ ಫೋಟೋ ಅದರಲ್ಲೇ ಉಳಿಯಿತು ಎಂದು ಬರುತ್ತಾರೆ, ಜಾಗದ ಪತ್ರದ ಪ್ರತಿ ಅದರಲ್ಲಿತ್ತು ಎಂದು ಬರುತ್ತಾರೆ. ಆ ಹಲಗೆಯ ಮೇಲೆ ಧೂಳು ಹಿಡಿದು ಕೂತ ಯಂತ್ರಗಳನ್ನು ನೋಡಿ ನಾನೇ ಎಷ್ಟೋ ಸಲ ಗೊಣಗಿದ್ದೇನೆ. ಆದರೆ ಅಳುಮುಖ ಹೊತ್ತು ಬಂದವರು ನಗುತ್ತ ಹೋದದ್ದನ್ನೂ ಅಲ್ಲಿಯೇ ನೋಡಿದ್ದೇನೆ.

ಹಮೀದಾಕನ ಮಂಡಿ ನೋವು ಜೋರಾದ ಮೇಲೆ ಅವರ ಅಕ್ಕನ ಮಗ ನವಾಝ್ ಅಂಗಡಿ ನೋಡಿಕೊಳ್ಳಲು ಬಂದ. ಹುಡುಗ ಕೆಟ್ಟವನಲ್ಲ, ಮಾತು ಮೃದು. ಆದರೆ ಬಂದ ಕೂಡಲೇ ಆ ಹಲಗೆಗಳನ್ನು ಕೀಳಿಸಿ, ಗೋಡೆ ಒಡೆಸಿ, ಅಲ್ಲಿ ಮೊಬೈಲ್ ಕವರುಗಳನ್ನು ನೇತುಹಾಕಿದ. ಹೊರಗೆ ದೊಡ್ಡ ಬೋರ್ಡು ಬಂತು: ಹಳೆಯದು ತನ್ನಿ, ಹೊಸದು ಒಯ್ಯಿರಿ. ಎಕ್ಸ್‌ಚೇಂಜಿನಲ್ಲಿ ಬಂದ ಯಂತ್ರವನ್ನು ಯಾರೂ ತೆರೆದು ನೋಡುವಂತಿಲ್ಲ. ಶನಿವಾರ ಕೂಳೂರಿನ ಗುಜರಿ ಗೋದಾಮಿನ ಟೆಂಪೋ ಬರುತ್ತಿತ್ತು, ಇದ್ದದ್ದನ್ನೆಲ್ಲ ತುಂಬಿಕೊಂಡು ಹೋಗುತ್ತಿತ್ತು.

"ಒಮ್ಮೆ ನೋಡಿಯಾದ್ರೂ ಕಳಿಸುವ ನವಾಝ್," ಎಂದೆ.

"ನೋಡಿ ಎಂತ ಮಾಡುದು ಸರೋಜಕ್ಕ? ನಿಮ್ಮ ಟೈಮ್ ವೇಸ್ಟ್. ಜಾಗವೂ ಇಲ್ಲ," ಎಂದ.

ನನ್ನ ಸಮಯದ ಬಗ್ಗೆ ಅಷ್ಟು ಕಾಳಜಿ ತೋರಿಸಿದ ಮೊದಲ ಮನುಷ್ಯ ಅವನೇ.

ಈಗ ಪ್ರೇಮ. ಅವಳ ಗಂಡ ಸದಾಶಿವ ಗಲ್ಫಿನಲ್ಲಿದ್ದ. ಇವಳು ಮನೆಯ ಹಾಲಿನಲ್ಲಿ ಒಂದು ಎಂಬ್ರಾಯ್ಡರಿ ಮಿಷನ್ ಇಟ್ಟುಕೊಂಡು ಶಾಲೆಯ ಯೂನಿಫಾರ್ಮುಗಳ ಕಿಸೆಗೆ ಶಾಲೆಯ ಗುರುತು ಹೊಲಿದು ಕೊಡುತ್ತಿದ್ದಳು. ನಮ್ಮ ಊರಿನಲ್ಲಿ ಶಾಲೆಗಳಿಗೆ ಕಡಿಮೆಯಿಲ್ಲ. ಬೇಸಿಗೆ ರಜೆ ಬಂತೆಂದರೆ ದರ್ಜಿಗಳು ಕಿಸೆಯ ಬಟ್ಟೆಯ ಕಟ್ಟುಗಳನ್ನು ತಂದು ಅವಳ ಜಗಲಿಯಲ್ಲಿ ರಾಶಿ ಹಾಕುತ್ತಿದ್ದರು. ಅವಳ ಕೆಲಸದ ಹಿಂಬದಿ ಮುಂಬದಿಯಷ್ಟೇ ಚೊಕ್ಕ. ಒಂದು ದಾರದ ತುದಿಯೂ ನೇತಾಡುತ್ತಿರಲಿಲ್ಲ.

ಆ ಮಿಷನ್ನನ್ನು ಅವಳು ಕೊಂಡದ್ದೇ ಸೆಕೆಂಡ್‌ಹ್ಯಾಂಡ್. ಪೆನ್‌ಡ್ರೈವ್ ಹಾಕಿ ಓಡಿಸುವ ಈಗಿನ ಮಾದರಿಯಲ್ಲ. ಕಂಪ್ಯೂಟರಿಗೆ ಜೋಡಿಸಿದರೆ ಮಾತ್ರ ಓಡುವಂಥದ್ದು. ಅದರ ಪ್ರೋಗ್ರಾಮು ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತದೆ. ಅದೂ ಹಿಂದುಗಡೆ ಪ್ರಿಂಟರಿನ ಜಾಗದಲ್ಲಿ ಒಂದು ಡಾಂಗಲ್ ಸಿಕ್ಕಿಸಿದ್ದರೆ ಮಾತ್ರ. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ವಸ್ತು. ಅದು ಆ ಪ್ರೋಗ್ರಾಮಿನ ಬೀಗದ ಕೈ. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು, ಆದ್ದರಿಂದ ಇನ್ನೊಂದು ಸಿಗುವ ಮಾತಿಲ್ಲ. ನಾನು ಆ ಕಂಪ್ಯೂಟರಿನ ಡಿಸ್ಕ್ ಬದಲಿಸಿದ್ದೇನೆ, ಫ್ಯಾನ್ ಬದಲಿಸಿದ್ದೇನೆ, ಉಪ್ಪುಗಾಳಿಗೆ ತುಕ್ಕು ಹಿಡಿದ ಬೋರ್ಡನ್ನು ಬ್ರಶ್ಶಿನಲ್ಲಿ ಉಜ್ಜಿದ್ದೇನೆ. ಡಾಂಗಲ್ಲಿನ ಎರಡೂ ಬದಿಗೆ ಸ್ಕ್ರೂ ಬಿಗಿದು, ಮೇಲೆ "ತೆಗೆಯಬಾರದು" ಎಂದು ಚೀಟಿ ಅಂಟಿಸಿದ್ದೆ. ಕ್ಯಾಬಿನೆಟ್ಟಿನ ಮುಂದೆ ಅವಳ ಮಗಳು ಶ್ವೇತಾ ಚಿಕ್ಕವಳಿದ್ದಾಗ ಅಂಟಿಸಿದ ಚಿಟ್ಟೆಯ ಸ್ಟಿಕ್ಕರುಗಳು ಬಣ್ಣಗೆಟ್ಟು ಉಳಿದಿದ್ದವು.

ಆ ವರ್ಷ ಬೇಸಿಗೆಯ ಮೊದಲು ಧೂಳು ತೆಗೆಯಲು ಹೋಗಿದ್ದೆ. ಸದಾಶಿವ ಊರಿಗೆ ಬಂದಿದ್ದ, ಆ ಹೊತ್ತಿಗೆ ಪೇಟೆಗೆ ಹೋಗಿದ್ದ. ಪ್ರೇಮ ಚಾ ತಂದಿಟ್ಟು ಪಕ್ಕದಲ್ಲಿ ಕೂತಳು.

"ಸರೋಜಕ್ಕ, ನಿಮ್ಮ ಹತ್ರ ಮಾತ್ರ ಹೇಳುದು. ಅವರಿಗೆ ಇನ್ನು ವಾಪಸ್ ಹೋಗ್ಲಿಕ್ಕಿಲ್ಲ. ಕೆಲಸ ಹೋಗಿದೆ. ಊರಿನವರ ಹತ್ರ ಲಾಂಗ್ ಲೀವ್ ಅಂತ ಹೇಳಿದ್ದಾರೆ."

"ಶ್ವೇತಾಳಿಗೆ ಗೊತ್ತುಂಟಾ?"

"ಇಲ್ಲ. ಅವಳಿಗೆ ಒಂದು ಕಡೆಯಿಂದ ಮಾತು ಬಂದಿದೆ. ಹುಡುಗನ ಮನೆಯವರು ನೋಡ್ಲಿಕ್ಕೆ ಬರ್ತಾರೆ. ಅದಾಗುವವರೆಗೆ ಯಾರಿಗೂ ಗೊತ್ತಾಗ್ಬಾರದಂತೆ." ಅವಳು ಮಿಷನ್ನಿನ ಮೇಲೆ ಕೈಯಿಟ್ಟಳು. "ಇನ್ನು ಮನೆ ನಡಿಬೇಕಾದ್ರೆ ಇದೇ. ಈ ಸೀಸನ್ನಿಗೆ ಇದು ನಿಲ್ಲದ ಹಾಗೆ ನೋಡ್ಕೊಳ್ಳಿ, ಅಷ್ಟು ಸಾಕು."

"ನಿಲ್ಲುದಿಲ್ಲ ಮಾರಾಯ್ತಿ. ನಾನಿದ್ದೇನಲ್ಲ," ಎಂದೆ. ನಿಲ್ಲುವ ಲಕ್ಷಣ ಅದಕ್ಕೆ ಇರಲಿಲ್ಲ ಎಂಬುದನ್ನು ಈಗಲೂ ಎದೆ ಮುಟ್ಟಿ ಹೇಳುತ್ತೇನೆ.

ಹುಡುಗನ ಮನೆಯವರು ಬರುವುದಕ್ಕೆ ಕೆಲವು ದಿನ ಮೊದಲು ಪ್ರೇಮ ಮಗಳನ್ನು ಕರೆದುಕೊಂಡು ಸೀರೆ ತೆಗೆಯಲು ಹೋದಳು. ಮನೆಯಲ್ಲಿ ಒಬ್ಬನೇ ಉಳಿದ ಸದಾಶಿವನಿಗೆ ಹಾಲ್ ಚೊಕ್ಕ ಮಾಡುವ ಉಮೇದು ಬಂತು. ಗಲ್ಫಿನಿಂದ ಬಂದವನ ಮನೆಯ ಹಾಲಿನಲ್ಲಿ ದಾರದ ಚೂರು, ಬಟ್ಟೆಯ ಕಟ್ಟು, ಹಳದಿಗಟ್ಟಿದ ಕಂಪ್ಯೂಟರ್ ಇದ್ದರೆ ಬಂದವರು ಏನು ತಿಳಿದುಕೊಂಡಾರು? ಮಿಷನ್ನನ್ನು ಹಿಂದಿನ ಕೋಣೆಗೆ ದೂಡಿದ. ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ನೇರ ನಮ್ಮ ಅಂಗಡಿಗೆ ಬಂದ. ಬೋರ್ಡು ನೋಡಿದ್ದನಲ್ಲ. ಹಳೆಯದು ಕೊಟ್ಟು, ಹೆಂಡತಿಯನ್ನು ಬೆರಗುಗೊಳಿಸಬೇಕೆಂದು ಹೊಸ ಲ್ಯಾಪ್‌ಟಾಪ್ ಒಯ್ದ. ಅಂಗಡಿಯಲ್ಲಿ ಅವನ ಗುರುತು ಯಾರಿಗೂ ಇರಲಿಲ್ಲ. ನಾನು ಆ ದಿನ ತೊಕ್ಕೊಟ್ಟಿನ ಒಂದು ಮನೆಗೆ ಕ್ಯಾಮರಾ ರಿಪೇರಿಗೆ ಹೋಗಿದ್ದೆ. ಅದು ಶುಕ್ರವಾರ. ಮರುದಿನವೂ ಅದೇ ಕೆಲಸ ಮುಗಿಸಿ ಅಂಗಡಿಗೆ ಬರುವಾಗ ಸಂಜೆಯಾಗಿತ್ತು.

ಶನಿವಾರ ಸಂಜೆ ಪ್ರೇಮಳ ಫೋನ್ ಬಂತು. ಸೀರೆ ತೆಗೆದು ತೌರುಮನೆಯಲ್ಲಿ ಉಳಿದು ಆಗಷ್ಟೇ ಬಂದಿದ್ದಳು. ಬೇರೆ ಮಾತೇ ಇಲ್ಲ. "ಸರೋಜಕ್ಕ, ನಿಮ್ಮ ಅಂಗಡಿಯಲ್ಲಿ ನನ್ನ ಕಂಪ್ಯೂಟರ್ ಉಂಟಾ?"

ನನಗೆ ಒಮ್ಮೆಗೇ ಎಲ್ಲ ಅರ್ಥವಾಯಿತು. ಎಕ್ಸ್‌ಚೇಂಜಿನ ಮಾಲು ಇಡುವ ಹಿಂಬದಿಗೆ ಓಡಿ ನೋಡಿದೆ. ಮಧ್ಯಾಹ್ನವೇ ಟೆಂಪೋ ತುಂಬಿಕೊಂಡು ಹೋಗಿತ್ತು.

ನವಾಝನಿಗೆ ಹೇಳಿದೆ. "ಅವರೇ ತಂದು ಕೊಟ್ಟದ್ದಲ್ವಾ? ನಾವು ಕದ್ದದ್ದಲ್ಲವಲ್ಲ," ಎಂದ. ಅದು ನಿಜ. ಆದರೂ ನನಗೆ ಸಿಟ್ಟು ಬಂತು. ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದ ಹಮೀದಾಕ ಊರುಗೋಲು ಹಿಡಿದು ಎದ್ದರು. "ನಡೀರಿ ಸರೋಜಕ್ಕ, ಕೂಳೂರಿಗೆ," ಎಂದರು.

ಸೇತುವೆ ದಾಟುವ ಮೊದಲೇ ಒಳಗೆ ತಿರುಗಿದರೆ ಆ ಗೋದಾಮು. ನಾವು ಮುಟ್ಟುವಾಗ ಅಲ್ಲಿನವರು ಕೈ ತೊಳೆಯುತ್ತಿದ್ದರು.

"ಇವತ್ತಿನ ಹಂಪನಕಟ್ಟೆ ಮಾಲಾ? ಅದು ಬಿಚ್ಚಿ ಆಯ್ತಲ್ಲ," ಎಂದ ಒಬ್ಬ. "ಬೋರ್ಡೆಲ್ಲ ಲಾರಿಗೆ ಹಾಕಿ ಕಳಿಸಿ ಆಯ್ತು. ಪ್ಲಾಸ್ಟಿಕ್ ಪುಡಿ ಮಾಡುವ ಕಡೆಗೆ ಹೋಯ್ತು. ತಗಡು ಉಂಟು, ಬೇಕಾದ್ರೆ ನೋಡಿ."

ತಗಡಿನ ರಾಶಿಯ ನಡುವೆ ಚಿಟ್ಟೆಗಳ ಸ್ಟಿಕ್ಕರ್ ಇದ್ದ ಕ್ಯಾಬಿನೆಟ್ ಸಿಕ್ಕಿತು. ಒಳಗೆ ಏನೂ ಇರಲಿಲ್ಲ. ಹಮೀದಾಕ ಆ ಮಂಡಿಯಲ್ಲಿ ಬಗ್ಗಿ, ಕೋಲಿನ ತುದಿಯಿಂದ ನೆಲದ ಕಸ ಕೆದಕುತ್ತ, "ಬೆಂಕಿಪೆಟ್ಟಿಗೆಯಷ್ಟು ಅಂದಿರಲ್ವಾ?" ಎಂದು ಮತ್ತೆ ಮತ್ತೆ ಕೇಳಿದರು. ಕಾಣಲು ಬೆಳಕಿರುವಷ್ಟು ಹೊತ್ತು ಹುಡುಕಿದೆವು. ಸಿಗಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಅವರು ಒಂದೇ ಮಾತು ಹೇಳಿದ್ದು: "ಅಂಗಡಿ ನನ್ನದು ಅಂತ ಬೋರ್ಡಲ್ಲಿ ಮಾತ್ರ ಉಂಟು ಸರೋಜಕ್ಕ."

ಮರುದಿನ ಶಕ್ತಿನಗರಕ್ಕೆ ಹೋದೆ. ಹಾಲ್ ಲಕಲಕ ಹೊಳೆಯುತ್ತಿತ್ತು. ಸದಾಶಿವ ಎದುರು ಬಂದು, "ಬನ್ನಿ ಬನ್ನಿ. ಹೊಸದು ತಂದಿದ್ದೇನೆ. ಅವಳ ಪ್ರೋಗ್ರಾಮ್ ಇದಕ್ಕೆ ಹಾಕಿ ಕೊಡಿ, ಮುಗೀತಲ್ಲ," ಎಂದ.

"ಇದಕ್ಕೆ ಹಾಕ್ಲಿಕ್ಕೆ ಆಗುದಿಲ್ಲ. ಹಿಂದೆ ಒಂದು ಚಿಕ್ಕ ಪೆಟ್ಟಿಗೆ ಇತ್ತಲ್ಲ, ಅದು ಇಲ್ಲದೆ ನಡಿಯುದಿಲ್ಲ."

"ಹೊಸದರಲ್ಲಿ ಆಗದ್ದು ಆ ಹಳೆ ಡಬ್ಬದಲ್ಲಿ ಆಗ್ತಿತ್ತಾ? ಎಂತ ಮಾರಾಯ್ರೆ ನೀವು ಹೇಳುದು?" ಎಂದ. ಆಮೇಲೆ ನನ್ನ ಮುಖ ನೋಡಿ ಅವನ ಸ್ವರ ಇಳಿಯಿತು. "ಆ ಪೆಟ್ಟಿಗೆ ನೋಡಿದ್ದೆ. ತೆಗೆಯಬಾರದು ಅಂತ ಬರ್ದಿತ್ತು. ಹಾಗೆ ತೆಗಿಲಿಲ್ಲ, ಅದರಲ್ಲೇ ಬಿಟ್ಟು ಕೊಟ್ಟೆ."

ಬರೆದಿಟ್ಟ ಮಾತನ್ನು ಅಷ್ಟು ಪ್ರಾಮಾಣಿಕವಾಗಿ ಪಾಲಿಸಿದವನಿಗೆ ಏನೆಂದು ಬೈಯುವುದು? ಪ್ರೇಮ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಗಂಡನ ಮೇಲೆ ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಸರೋಜಕ್ಕ, ದೋಸೆ ತಿಂದು ಹೋಗಿ," ಎಂದಳು, ಅಷ್ಟೆ.

ನಾನು ಬಿಟ್ಟುಬಿಡಲಿಲ್ಲ. ಅವಳ ಡಿಸೈನುಗಳ ಪ್ರತಿ ನನ್ನ ಹತ್ತಿರ ಇತ್ತು, ಅದನ್ನು ತೆರೆಯುವ ಬೀಗದ ಕೈ ಇರಲಿಲ್ಲ. ಅಂಥದ್ದೇ ಇನ್ನೊಂದು ಕಂಪ್ಯೂಟರ್ ಕಟ್ಟಿದೆ. ಗೊತ್ತಿದ್ದ ಮೆಕ್ಯಾನಿಕ್ಕುಗಳನ್ನೆಲ್ಲ ಕೇಳಿದೆ. ಸೂರತ್ತಿನ ಒಬ್ಬ ವ್ಯಾಪಾರಿ ತನ್ನಲ್ಲಿ ಹಳೆಯ ಡಾಂಗಲ್ ಇದೆ ಎಂದು ಕಳಿಸಿಕೊಟ್ಟ. ಬಂದದ್ದು ಬೇರೆ ಮಾದರಿಯದು, ಮಿಷನ್ ಅದಕ್ಕೆ ಅಲ್ಲಾಡಲೂ ಇಲ್ಲ. ಹೊಸ ಮಿಷನ್ ಮಾರುವವನು, "ಇನ್ನೂ ಇದನ್ನು ಇಟ್ಕೊಂಡಿದ್ದೀರಾ?" ಎಂದು ನಕ್ಕ. ಅವನ ಕೆನ್ನೆಗೆ ಒಂದು ಕೊಡಬೇಕು ಎನ್ನಿಸಿತ್ತು. ಅಷ್ಟರಲ್ಲಿ ಮೇ ತಿಂಗಳು ಮುಗಿಯುತ್ತ ಬಂದಿತ್ತು. ದರ್ಜಿಗಳು ಒಬ್ಬೊಬ್ಬರೇ ಬಂದು ತಮ್ಮ ಬಟ್ಟೆಯ ಕಟ್ಟುಗಳನ್ನು ಎತ್ತಿಕೊಂಡು ಬೈಕಂಪಾಡಿಯ ದೊಡ್ಡ ಎಂಬ್ರಾಯ್ಡರಿ ಯೂನಿಟ್ಟಿಗೆ ಕೊಟ್ಟರು. ಶಾಲೆ ಶುರುವಾಗುವಾಗ ಪ್ರೇಮಳೂ ಅದೇ ಯೂನಿಟ್ಟಿಗೆ ಕೆಲಸಕ್ಕೆ ಸೇರಿದಳು. ಅವಳದೇ ಶಾಲೆಗಳ ಗುರುತು, ಅವಳದೇ ಕಿಸೆಗಳು, ಬೇರೆಯವರ ಮಿಷನ್.

ಕೆಲಸಕ್ಕೆ ಹೊಸಬರಾದ ನೀವು ಇದರಿಂದ ಏನು ಪಾಠ ಎಂದು ಕೇಳಬಹುದು. ಯಂತ್ರ ಬಂದ ಕೂಡಲೇ ಅದರ ಹಿಂಬದಿ ನೋಡಿ, ಅದಕ್ಕೆ ಏನೇನು ಸಿಕ್ಕಿಸಿದ್ದಾರೆ ನೋಡಿ, ಯಾವ ಕೆಲಸಕ್ಕೆ ಇಟ್ಟುಕೊಂಡಿದ್ದಿರಿ ಎಂದು ಒಂದು ಮಾತು ಕೇಳಿ. ಇದನ್ನು ಕಲಿಸಲು ಕಾಲೇಜು ಬೇಡ. ಆದರೆ ಕೇಳಲು ಬಿಡುವ ಅಂಗಡಿ ಬೇಕು. ಅಂಥದ್ದು ನಿಮಗೆ ಸಿಗುತ್ತದೆಂದು ಹೇಳಿದರೆ ಸುಳ್ಳಾದೀತು. ಆ ವರ್ಷದ ಕೊನೆಗೆ ನಾನೂ ಅಂಗಡಿ ಬಿಟ್ಟೆ. ನವಾಝ್ ಒಳ್ಳೆಯ ಊಟ ಹಾಕಿಸಿ, ಶಾಲು ಹೊದೆಸಿ ಕಳಿಸಿದ.

ಹುಡುಗನ ಮನೆಯವರು ಒಪ್ಪಿದ್ದರು. ನಿಶ್ಚಿತಾರ್ಥದ ಊಟಕ್ಕೆ ಪ್ರೇಮ ನನ್ನನ್ನೂ ಕರೆದಿದ್ದಳು. ಊಟದ ನಡುವೆ ಹುಡುಗನ ತಾಯಿ, ಮಾತಿನ ಜೋರಿರುವ ಹೆಂಗಸು, ಪ್ರೇಮಳ ಕಡೆ ತಿರುಗಿ, "ನೀವು ಮನೆಯಲ್ಲೇ ಎಂಬ್ರಾಯ್ಡರಿ ಮಾಡ್ತೀರಂತಲ್ಲ? ತಾಯಿ ಕೈಕೆಲಸದವರು, ಮಗಳೂ ಹಾಗೇ ಇರ್ತಾಳೆ ಅಂತ ಕೇಳಿಯೇ ನಾವು ಬಂದದ್ದು. ನೋಡ್ಲಿಕ್ಕೆ ಬಂದ ದಿನ ಮಿಷನ್ ಕಾಣ್ಲಿಲ್ಲ. ಮದುವೆಗೆ ನಮ್ಮ ಮನೆಯ ಹೆಂಗಸರ ರವಿಕೆಯೆಲ್ಲ ನಿಮ್ಮ ಕೈಯಿಂದಲೇ ಆಗ್ಬೇಕು, ಆಯ್ತಾ?" ಎಂದರು.

ಸದಾಶಿವನ ಕೈ ಎಲೆಯ ಮೇಲೆ ನಿಂತಿತು. ಅವನ ಕೆಲಸ ಹೋದದ್ದು ಆ ಹೊತ್ತಿಗೂ ಹುಡುಗನ ಮನೆಯವರಿಗೆ ತಿಳಿದಿರಲಿಲ್ಲ. ಹೆಂಡತಿ ಇನ್ನೊಬ್ಬರ ಯೂನಿಟ್ಟಿಗೆ ಹೋಗುತ್ತಾಳೆ ಎಂದರೆ ಒಂದೊಂದಾಗಿ ಎಲ್ಲವೂ ಹೊರಬರುತ್ತಿತ್ತು.

"ಆಯ್ತು, ಅದಕ್ಕೆಂತ," ಎಂದಳು ಪ್ರೇಮ. ಎದ್ದು ಪಾಯಸ ಬಡಿಸಲು ಹೋದಳು.

ಆ ರವಿಕೆಗಳನ್ನು ಅವಳು ಬೈಕಂಪಾಡಿಯಲ್ಲಿ, ಕೆಲಸದ ಹೊತ್ತು ಮುಗಿದ ಮೇಲೆ, ಯೂನಿಟ್ಟಿನ ಧಣಿಯ ಕಾಲು ಹಿಡಿದು ಮಾಡಿದ್ದು. ಮದುವೆಯ ದಿನ ಹುಡುಗನ ಕಡೆಯ ಹೆಂಗಸರೆಲ್ಲ ಅದನ್ನು ತೊಟ್ಟು ಓಡಾಡುತ್ತಿದ್ದರು. ನನ್ನ ಪಕ್ಕದ ಕುರ್ಚಿಯಲ್ಲಿ ಹುಡುಗನ ತಾಯಿ ಬಂದು ಕೂತರು. ಎದುರಿಗೆ ಪ್ರೇಮ, ಅತಿಥಿಗಳಿಗೆ ಪನ್ನೀರು ಚಿಮುಕಿಸುತ್ತ ನಿಂತಿದ್ದಳು.

"ನೀವಲ್ವಾ ಇವರ ಮಿಷನ್, ಕಂಪ್ಯೂಟರ್ ಎಲ್ಲ ರಿಪೇರಿ ಮಾಡುವವರು? ಶ್ವೇತಾ ಹೇಳಿದ್ಳು. ಈಗ ಹೇಗುಂಟು ಮಿಷನ್?" ಎಂದು ಕೇಳಿದರು.

ಪ್ರೇಮಳ ಕೈ ನಿಂತಿತು. ಅವಳು ನನ್ನ ಕಡೆ ನೋಡಲಿಲ್ಲ. ಕಾಯುತ್ತಿದ್ದಳು.

"ಒಳ್ಳೆದುಂಟು," ಎಂದೆ. "ಇನ್ನೂ ಎಷ್ಟೋ ವರ್ಷ ಓಡ್ತದೆ."

ಪ್ರೇಮ ಮುಂದಿನವರಿಗೆ ಪನ್ನೀರು ಚಿಮುಕಿಸಿದಳು.